ಜೀಪಿನ ಹಣೆಗೊಂದು ಆಂಟೆನಾ

ಹೋದ ವಾರ ನಾನು ನಮ್ಮ ಯಜಮಾನರ ಹಣೆಗೆ ತೂತು ಹೊಡೆಸಿದೆ.

ಗಾಬರಿಯಾಗಬೇಡಿ. ಅವರು ಹೋಗಿ ಎಷ್ಟೋ ಮಳೆಗಾಲ ಕಳೆದಿವೆ. ನಾನು ಹೇಳುತ್ತಿರುವುದು ಅವರು ಬಿಟ್ಟುಹೋದ ಜೀಪಿನ ಬಾನೆಟ್ಟಿನ ಮಾತು. ಆದರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾನೆಟ್ ಎನ್ನುವುದಿಲ್ಲ. ಹಣೆ ಎನ್ನುತ್ತೇವೆ.

ಶಹಾಬಾದಿನಲ್ಲಿ ನಮ್ಮದು ಪರ್ಶಿ ಕಲ್ಲಿನ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಯ ಕೆಲಸ. ಊರ ಹೊರಗೆ ಸಣ್ಣ ಖಣಿ, ಮನೆ ಮುಂದೆ ಪಾಲಿಶ್ ಅಂಗಳ. ನಮ್ಮವರು ಸೋಮವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಮ್ಮ ಹಣೆಗೆ ಹಚ್ಚಿಕೊಂಡ ವಿಭೂತಿ ಬೆರಳಿನಲ್ಲಿ ಇನ್ನೂ ಇರುವಾಗಲೇ ಹೊರಗೆ ಬಂದು, ಅದೇ ಬೆರಳಿನಿಂದ ಜೀಪಿನ ಬಾನೆಟ್ಟಿಗೆ ಮೂರು ಗೆರೆ ಎಳೆದು ಖಣಿಗೆ ಹೋಗುತ್ತಿದ್ದರು. ಅವರು ಕೊನೆಯ ಸಲ ಎಳೆದ ಗೆರೆ ಮಳೆಗೆ ತೊಳೆದು ಹೋಗಬಾರದು ಎಂದು ನನ್ನ ಮಗ ಶರಣಪ್ಪ, ಪೇಂಟರನನ್ನು ಕರೆಸಿ, ಅದರ ಮೇಲೆಯೇ ಬಿಳಿ ಬಣ್ಣ ಎಳೆಸಿದ. ಪೇಂಟರ್ ಸ್ಕೇಲ್ ಹಿಡಿದು ನೀಟಾಗಿ ಎಳೆಯಲು ಹೋದ. ಬೇಡ, ಅಪ್ಪನ ಬೆರಳು ಎಲ್ಲಿ ಸೊಟ್ಟ ಹೋಗಿದೆಯೋ ಅಲ್ಲಿ ಸೊಟ್ಟವೇ ಇರಲಿ ಎಂದ ಶರಣಪ್ಪ.

ಆ ಸೊಟ್ಟ ಗೆರೆಗಳ ನಟ್ಟನಡುವೆ ಈಗ ಒಂದು ಆಂಟೆನಾ ನಿಂತಿದೆ. ಗಾಳಿ ಬಂದರೆ ತಲೆ ಅಲ್ಲಾಡಿಸುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಕಣ್ಣೂ ತುಂಬುತ್ತದೆ, ನಗುವೂ ಬರುತ್ತದೆ. ಯಾವುದನ್ನು ಮೊದಲು ತಡೆಯಲಿ?

(ಈ ವಾರ ತೊಗರಿಬೇಳೆಯ ಬಗ್ಗೆ ಬರೆಯುತ್ತೇನೆ ಎಂದು ಸಂಪಾದಕರಿಗೆ ಮಾತು ಕೊಟ್ಟಿದ್ದೆ. ಕ್ಷಮಿಸಲಿ. ಬೇಳೆ ಎಲ್ಲಿಗೂ ಓಡಿಹೋಗುವುದಿಲ್ಲ.)

ನನ್ನ ಮೊಮ್ಮಗಳು ನೀಲಾಳನ್ನು ನೀವು ಬಲ್ಲಿರಿ. ಸೇಡಂನ ಓದುಗರೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಅಮ್ಮಾ, ನಿಮ್ಮ ಮೊಮ್ಮಗಳ ಸುದ್ದಿ ಜರಾ ಕಮ್ಮಿ ಮಾಡ್ರಿ" ಎಂದರು. ಕಡಿಮೆ ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ. ನಾನು ನಾಲ್ಕನೇ ಕ್ಲಾಸಿಗೆ ಪಾಟಿ ಕೆಳಗಿಟ್ಟವಳು. ನೀಲಾ, ಅಂದರೆ ಶರಣಪ್ಪನ ಮಗಳು, ದನದ ಡಾಕ್ಟರ್. ಎಮ್ಮೆಯ ಹೊಟ್ಟೆಯಲ್ಲಿ ಅಡ್ಡ ತಿರುಗಿದ ಕರುವನ್ನು ಮೊಳಕೈ ತನಕ ಕೈ ಹಾಕಿ ತಿರುಗಿಸಿ ತೆಗೆಯುತ್ತಾಳೆ. ಇದನ್ನು ಬರೆಯದೆ ನಾನು ಇನ್ನೇನು ಬರೆಯಲಿ?

ಅವಳಿಗೆ ನೌಕರಿ ಚಿಂಚೋಳಿಯಲ್ಲಿ. "ಒಬ್ಬಾಕಿನ್ನೇ ಬಿಡಂಗಿಲ್ಲ" ಎಂದು ಶರಣಪ್ಪ ಹಟ ಹಿಡಿದಾಗ, "ನಾ ಹೋಗ್ತೀನಿ ಬಿಡು" ಎಂದು ನಾನೇ ನನ್ನ ಹಂಚು, ಲಟ್ಟಣಿಗೆ ಕಟ್ಟಿಕೊಂಡು ಕಾಳಗಿ ದಾರಿಯಲ್ಲಿ ಬಸ್ ಹತ್ತಿದೆ. ಹಿಂದೆಯೇ ನೀಲಾ ತನ್ನ ಅಜ್ಜನ ಜೀಪ್ ಹೊಡೆದುಕೊಂಡು ಬಂದಳು. ಚಂದ್ರಂಪಳ್ಳಿ ಡ್ಯಾಮಿನಿಂದ ಆಚೆಗೆ ಇರುವ ಲಂಬಾಣಿ ತಾಂಡಾಗಳಿಗೆ ಹೋಗಬೇಕಾದರೆ ಕಲ್ಲು, ಕೆಸರು, ಹಳ್ಳ. ಅಲ್ಲಿಗೆ ಬೇರೆ ಗಾಡಿ ಹೋಗುವುದಿಲ್ಲ. ಮೊಬೈಲ್ ಅಂತೂ ಡ್ಯಾಮ್ ಬರುವ ಮುಂಚೆಯೇ ಸತ್ತು ಬೀಳುತ್ತದೆ.

ಶ್ರಾವಣದ ಒಂದು ಮಧ್ಯಾಹ್ನ ತಾಂಡಾದಿಂದ ಒಬ್ಬರು ಓಡಿಬಂದು ಸುದ್ದಿ ಹೇಳಿದರು. ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು. ನೀಲಾ ಉಣ್ಣದೆ ಹೋದಳು. ಕರು ಉಳಿಯಿತು. ವಾಪಸ್ ಬರುವಾಗ ಹಳ್ಳದಲ್ಲಿ ಜೀಪ್ ಹೂತುಕೊಂಡಿತು. ತಾಂಡಾದವರು ಎತ್ತು ತಂದು ಎಳೆಯುವ ತನಕ ಅಲ್ಲೇ. ಅಷ್ಟರಲ್ಲಿ ಇಲ್ಲಿ ನಾನು ಬಾಗಿಲಲ್ಲಿ ನಿಂತು ನಿಂತು, ತಡೆಯಲಾರದೆ ಶಹಾಬಾದಿಗೆ ಫೋನು ಮಾಡಿಬಿಟ್ಟೆ. ಶರಣಪ್ಪ ಕಲ್ಲಿನ ಲಾರಿಯನ್ನೇ ಹತ್ತಿಕೊಂಡು ಬಂದ. ಮಗಳು ಮೈತುಂಬ ಕೆಸರು ಮಾಡಿಕೊಂಡು ದೀಪ ಹಚ್ಚುವ ಹೊತ್ತಿಗೆ ನಗುತ್ತಾ ಅಂಗಳಕ್ಕೆ ಬಂದಾಗ, ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇನ್ನ ಸಾಕವ್ವಾ" ಎಂದ. "ಎಲ್ಲಿ ಅದೀ, ಹ್ಯಾಂಗ ಅದೀ ಅಂತ ನನಗ ಗೊತ್ತಾಗಬೇಕು. ಗೊತ್ತಾಗಲ್ಲಂದ್ರ ನೌಕರಿ ಬ್ಯಾಡ. ನಡಿ ಮನಿಗಿ."

ನೀಲಾ ಕೈಯ ಕೆಸರು ತೊಳೆದುಕೊಂಡಳು. ಆಮೇಲೆ ನಿಧಾನಕ್ಕೆ ಹೇಳಿದಳು. "ಗೊತ್ತಾಗೋ ಹಂಗ ಮಾಡಿದ್ರ?"

ಹೀಗೆ ಬಂತು ನಮ್ಮ ಮನೆಗೆ ಸೀಬಿ ರೇಡಿಯೋ. ಪೊಲೀಸರ ವೈರ್‌ಲೆಸ್ ಇದ್ದ ಹಾಗೆ, ಆದರೆ ಸಣ್ಣದು. ಒಂದು ಸೆಟ್ ಜೀಪಿನಲ್ಲಿ, ಒಂದು ಮನೆಯಲ್ಲಿ. ಇಂಥ ಸಣ್ಣದಕ್ಕೆ ಈಗ ಲೈಸೆನ್ಸ್ ಕೂಡ ಬೇಡವಂತೆ. ಅವಳ ಕಾಲೇಜಿನ ಗೆಳತಿಯೊಬ್ಬಳು ಕಾಡಿನ ಕೆಲಸಕ್ಕೆ ಬಳಸುತ್ತಾಳಂತೆ. ಶರಣಪ್ಪ ಒಂದೇ ಶರತ್ತು ಹಾಕಿದ. "ಐತಾರ ನಾನೇ ಬಂದು ಸೆಟ್ಟಿನ ಮುಂದ ಕುಂಡ್ರತೀನಿ. ನೀ ತಾಂಡಾಕ್ಕ ಹೋಗಿ ಮಾತಾಡು. ದನಿ ಬಂತಂದ್ರ ನೌಕರಿ. ಬರಲಿಲ್ಲಂದ್ರ ನನ್ನ ಜೋಡಿ ಶಹಾಬಾದ."

ವಾಡಿ ಸ್ಟೇಷನ್ ಹತ್ತಿರ ಖಾಜಾ ಭಾಯಿಯ ಅಂಗಡಿ ಇದೆ. ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಾರೆ. ನಮ್ಮ ಮನೆಯ ರೇಡಿಯೋಗಳಿಗೆಲ್ಲ ಅವರೇ ಡಾಕ್ಟರ್. ಸೆಟ್ಟನ್ನು ಹೈದರಾಬಾದಿನಿಂದ ರೈಲಿನಲ್ಲಿ ತರಿಸಿದರು. ನಾನೂ ನೀಲಾಳೂ ಹೋದಾಗ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಒಂದನ್ನು ಮೂಲೆಯಿಂದ ತೆಗೆದರು. ಬಿಚ್ಚಿದರೆ ತೆಳ್ಳನೆ ಕಡ್ಡಿ. ಹಿಡಿದರೆ ಬಳುಕುತ್ತದೆ.

"ಇದೇನ್ರಿ ಭಾಯಿ, ಮೀನ ಹಿಡಿಯೋ ಗಳಾ?" ಎಂದೆ.

"ಅರೆ ಅಮ್ಮಾ, ಮೀನ ಅಲ್ರಿ, ಮಾತ ಹಿಡಿಯೋ ಗಳಾ" ಎಂದರು ಖಾಜಾ ಭಾಯಿ. "ಸೆಟ್ ಎಷ್ಟ ಛಲೋ ಇದ್ದರ ಏನ್ ಬಂತು? ಆಂಟೆನಾ ಸರಿ ಕುಂಡ್ರಬೇಕು. ಅದೇ ಅದರ ಕಿವಿ, ಅದೇ ಅದರ ಬಾಯಿ."

ಮನೆಯ ಮಾಳಿಗೆಗೆ ಒಂದು, ಜೀಪಿಗೆ ಒಂದು ಕೊಂಡೆವು. ಜೀಪಿನದನ್ನು ಎಲ್ಲಿ ಕೂರಿಸುವುದು?

ಶಹಾಬಾದಿನ ಮನೆಯ ಅಂಗಳದಲ್ಲಿ ಜೀಪ್ ನಿಲ್ಲಿಸಿ ಎಲ್ಲರೂ ಸುತ್ತಿದೆವು. ಮೇಲ್ಗಡೆ ತಾಡಪತ್ರಿ, ಅದು ಏನನ್ನೂ ಹಿಡಿಯುವುದಿಲ್ಲ. ಮಡ್‌ಗಾರ್ಡ್ ಎರಡೂ ತುಕ್ಕು ತಿಂದು ಜರಡಿಯಾಗಿವೆ. ಹಿಂದಿನ ಬಾಗಿಲು ಎಂದೋ ಬಿದ್ದುಹೋಗಿ ಅಲ್ಲಿ ಹಲಗೆ ಕಟ್ಟಿದ್ದೇವೆ. ಗಟ್ಟಿಮುಟ್ಟಾದ ತಗಡು ಎಂದು ಆ ಜೀಪಿನಲ್ಲಿ ಉಳಿದಿರುವುದು ಒಂದೇ. ಖಾಜಾ ಭಾಯಿ ಬಾನೆಟ್ಟಿನ ಮೇಲೆ ಕೈ ಇಟ್ಟರು. ಶರಣಪ್ಪ ಅವರ ಕೈಯನ್ನು ನೋಡಿದ. ಖಾಜಾ ಭಾಯಿ ಕೈ ತೆಗೆದರು.

ಆಗ ನಾನು ಹೇಳಿದೆ. "ಅದಕ್ಯಾಕ ಅಷ್ಟ ವಿಚಾರ? ಪರ್ಶಿ ಅದ ಅಲ್ಲ!"

ನಮ್ಮ ಊರಿನವರಾಗಿದ್ದರೆ ನೀವೂ ಇದನ್ನೇ ಹೇಳುತ್ತಿದ್ದಿರಿ. ಶಹಾಬಾದಿನಲ್ಲಿ ನೆಲ ಪರ್ಶಿ, ಮಾಳಿಗೆ ಪರ್ಶಿ, ಅಡುಗೆಕಟ್ಟೆ ಪರ್ಶಿ, ನೀರಿನ ತೊಟ್ಟಿ ಪರ್ಶಿ, ಹೊಲದ ಬೇಲಿ ಕೂಡ ನೆಟ್ಟಗೆ ನಿಲ್ಲಿಸಿದ ಪರ್ಶಿ. ಕಪಾಟಿನ ಹಲಗೆ ಪರ್ಶಿ. ಏನಾದರೂ ಗಟ್ಟಿಯಾಗಿ ಕೂರಬೇಕೇ? ಕೆಳಗೆ ಒಂದು ಪರ್ಶಿ ಇಡು. ಅಷ್ಟೇ. ಇದಕ್ಕಿಂತ ಬೇರೆ ಇಂಜಿನಿಯರಿಂಗ್ ನಮಗೆ ಗೊತ್ತಿಲ್ಲ.

ಶರಣಪ್ಪನಿಗೂ ಒಪ್ಪಿಗೆಯಾಯಿತು. ಖಾಜಾ ಭಾಯಿ ಕೂಡ, "ವ್ಹಾ, ಅಲ್ಲಾಡಂಗೇ ಇಲ್ಲ" ಎಂದರು. ನಾನೇ ಹೋಗಿ ಕಲ್ಲು ಆರಿಸಿದೆ. ನೀಲಿ ಮಿಶ್ರ ಬೂದಿ ಬಣ್ಣದ್ದು, ಗೆರೆಯಿಲ್ಲದ್ದು, ಬಡಿದರೆ ಗಂಟೆಯ ಹಾಗೆ ದನಿ ಬರುವಂಥದ್ದು. ಅಂಚು ಗುಂಡಗೆ ಮಾಡಿಸಿದೆ. ಮುಖ ಕಾಣುವ ಹಾಗೆ ಪಾಲಿಶ್ ಹಿಡಿಸಿದೆ. ನಡುವೆ ತೂತು ಹಾಕಿ, ಡ್ರೈವರ್ ಸೀಟಿನ ಹಿಂದಿನ ಹಲಗೆಗೆ ಬೋಲ್ಟ್ ಕೊಟ್ಟು ಬಿಗಿದು, ಅದರ ಮೇಲೆ ಆಂಟೆನಾ ನಿಲ್ಲಿಸಿದೆವು. ಕುಂಕುಮ ಹಚ್ಚಿದೆವು. ಕಾಯಿ ಒಡೆದೆವು. ನೋಡಿದವರೆಲ್ಲ ಹೊಗಳಿದರು. ಅಷ್ಟು ಚಂದದ ಪೀಠ ಎಷ್ಟೋ ದೇವರಿಗೂ ಇಲ್ಲ.

ಐತಾರ, ಅಂದರೆ ಭಾನುವಾರ, ಬಂತು. ಮನೆಯ ಸೆಟ್ಟನ್ನು ಚಿಂಚೋಳಿಯ ನನ್ನ ಅಡುಗೆಮನೆ ಕಿಟಕಿಯ ಹತ್ತಿರ ಇಟ್ಟಿದ್ದರು. ಖಾಜಾ ಭಾಯಿ ಮೈಕ್ ಹಿಡಿದು ನಮಗೆಲ್ಲ ಪಾಠ ಮಾಡಿದರು. "ಗುಂಡಿ ಒತ್ತಿದ್ರ ನೀವು ಮಾತಾಡಬೇಕು. ಕೆಂಪ ದೀಪ ಹತ್ತತದ. ಬಿಟ್ಟರ ಆ ಕಡಿಯವರ ಮಾತು ಬರತದ. ಎರಡೂ ಕೂಡಿ ಆಗಂಗಿಲ್ಲ, ತಿಳೀತಿಲ್ಲೋ?" ತಿಳಿಯಿತು ಎಂದೆವು. ಇಷ್ಟು ತಿಳಿಯದೆ ಇರಲು ನಾವೇನು ಸಣ್ಣ ಮಕ್ಕಳೇ?

ನೀಲಾ ಜೀಪ್ ಹತ್ತಿದಳು. ಊರು ದಾಟುವ ತನಕ ಅವಳ ದನಿ ಗುರುಗುರು ಎನ್ನುತ್ತಾದರೂ ಬಂತು. ಆಮೇಲೆ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಬರೀ ಚುರ್ ಚುರ್. ಆಮೇಲೆ ಅದೂ ಇಲ್ಲ. ಖಾಜಾ ಭಾಯಿ ಕರೆಯುತ್ತಾರೆ, ಬಿಡುತ್ತಾರೆ, ಕಿವಿ ಕೊಡುತ್ತಾರೆ. ಕರೆಯುತ್ತಾರೆ, ಬಿಡುತ್ತಾರೆ. ಶರಣಪ್ಪ ಕಿಟಕಿಯಾಚೆ ನೋಡುತ್ತಾ ಕುಳಿತಿದ್ದ. ನಾನು ಮಾಡಿಟ್ಟ ಹೋಳಿಗೆ ಯಾರೂ ಮುಟ್ಟಲಿಲ್ಲ.

ಮುಸ್ಸಂಜೆಯೊಳಗೆ ಜೀಪ್ ಬಂತು. ನೀಲಾ ಅಂಗಳದಿಂದಲೇ ನನ್ನನ್ನು ಕೂಗಿದಳು. "ಆಯೀ, ಕೇಳಿಸ್ತಿಲ್ಲೋ? ಎಲ್ಲಾ ಹೇಳಿದೆ ನೋಡು, ತಾಂಡಾದಾಗ ಏನೇನು ಕಂಡಿತೋ ಎಲ್ಲಾ!"

ಖಾಜಾ ಭಾಯಿ ಬಾಗಿಲಿಗೆ ಬಂದು ಇಲ್ಲ ಎಂದು ತಲೆ ಅಲ್ಲಾಡಿಸಿದರು. ಅವಳ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಇದ್ದು, ಆಮೇಲೆ ಹೋಯಿತು. ಅದು ಹೋಗುವುದನ್ನು ನಾನು ನೋಡಿದೆ. ಆ ದೃಶ್ಯ ನಿಮಗೆ ಬೇಡ.

ಖಾಜಾ ಭಾಯಿ ಜೀಪಿಗೆ ಮೀಟರ್ ಹಚ್ಚಿದರು. ಮುಳ್ಳು ಹೋಗಿ ಕೆಂಪಿನಲ್ಲಿ ಕುಳಿತುಬಿಟ್ಟಿತು. ಪಾಪ, ಅವರೂ ಟೇಪ್ ರೆಕಾರ್ಡರಿನವರು, ಇದು ಅವರಿಗೂ ಹೊಸದು. ಎಸ್‌ಟಿಡಿ ಬೂತಿಗೆ ಹೋಗಿ ಹೈದರಾಬಾದಿನ ಅಂಗಡಿಗೆ ಫೋನ್ ಹಚ್ಚಿದರು. ನಾವೂ ಬೂತಿನ ಬಾಗಿಲಿಗೆ ಕಿವಿ ಇಟ್ಟು ನಿಂತೆವು. ಆ ಕಡೆಯವರು ಏನು ಕೇಳುತ್ತಾರೆ ಎನ್ನುವುದು ಖಾಜಾ ಭಾಯಿಯ ಉತ್ತರದಿಂದಲೇ ತಿಳಿಯುತ್ತಿತ್ತು.

"ಇಲ್ಲ ಸಾಬ್, ತಗಡಿನ ಮ್ಯಾಲ ಅಲ್ಲ... ಪರ್ಶಿ ಮ್ಯಾಲ... ಪರ್ಶಿ ಅಂದ್ರ ಕಲ್ಲು... ಹೌದ್ರಿ, ಕಲ್ಲು... ಪಾಲಿಶ್ ಮಾಡೀವಿ ಸಾಬ್!"

ಆ ಕಡೆಯ ನಗು ಬೂತಿನ ಹೊರಗಿದ್ದ ನಮಗೂ ಕೇಳಿಸಿತು.

ಆಂಟೆನಾದ ಕೆಳಗೆ ಅಗಲವಾದ ತಗಡು ಇರಬೇಕಂತೆ. ಕಡ್ಡಿ ಅರ್ಧ ಕೆಲಸ ಮಾಡಿದರೆ, ಉಳಿದರ್ಧ ಆ ತಗಡು ಮಾಡುತ್ತದಂತೆ. ಕಲ್ಲಿನ ಮೇಲೆ ಇಟ್ಟರೆ ದನಿ ಹೊರಗೇ ಹೋಗುವುದಿಲ್ಲ. ಇಡೀ ಜಿಲ್ಲೆಯ ಮನೆಗಳನ್ನು ಹೊತ್ತುಕೊಂಡ ನಮ್ಮ ಪರ್ಶಿ, ನನ್ನ ಮೊಮ್ಮಗಳ ದನಿಯನ್ನು ಹೊರಲಿಲ್ಲ.

ಹಾಗಾದರೆ ಉಳಿದದ್ದು ಬಾನೆಟ್ ಒಂದೇ.

"ಆಗಂಗಿಲ್ಲ" ಎಂದ ಶರಣಪ್ಪ. "ಅಪ್ಪನ ಹಣಿಗಿ ಯಾರೂ ಕೈ ಹಚ್ಚಬ್ಯಾಡ್ರಿ."

ನೀಲಾ, "ಹಚ್ಚರಿ" ಎಂದು ಕೇಳಲಿಲ್ಲ. ಅವಳಿಗೂ ಅವರು ಅಜ್ಜ. ಶರಣಪ್ಪ ಊರಿಗೆ ಹೊರಡುವಾಗ ನಾನು ಬೇಡಿಕೊಂಡೆ. "ಇನ್ನೊಂದ ಐತಾರ ತಡಿ. ಆಮ್ಯಾಲ ನಿನ್ನ ಮಾತೇ ಖರೇ."

ಆ ವಾರ ಅವಳು ತನ್ನ ಪುಸ್ತಕಗಳನ್ನು ಪೆಟ್ಟಿಗೆಗೆ ಹಾಕತೊಡಗಿದಳು. ನಾನು ಕಂಡೂ ಕಾಣದವಳ ಹಾಗೆ ಇದ್ದೆ. ಜೀಪ್ ತೊಳೆಯುವ ನೆವದಲ್ಲಿ ದಿನಾ ಬಾನೆಟ್ಟಿನ ಮುಂದೆ ನಿಲ್ಲುತ್ತಿದ್ದೆ. ಗೆರೆಗಳ ಮೇಲೆ ಕೈ ಆಡಿಸುತ್ತಿದ್ದೆ. ಏನು ಮಾಡಲಿ ಹೇಳಿ ಎಂದು ಕೇಳುತ್ತಿದ್ದೆ. (ಹೆಸರು ಹಿಡಿದು ಕೇಳಲಿಲ್ಲ. ಅವರು ಇದ್ದಾಗಲೂ ಹಿಡಿದಿಲ್ಲ, ಈಗೇನು ಹೊಸದಾಗಿ?)

ತೊಳೆಯುತ್ತಾ ತೊಳೆಯುತ್ತಾ ನನಗೆ ಅವರ ಕೈ ನೆನಪಾಯಿತು. ಆ ಕೈಗಳ ನಡುಕ. ಖಣಿಯಿಂದ ಮನೆಗೆ ಬಂದಾಗ ಡ್ರಿಲ್ ಹಿಡಿದು ಹಿಡಿದು ಚಹಾದ ಬಸಿ ನಡುಗುತ್ತಿತ್ತು. ಬಿಸಿಲಲ್ಲಿ ಬಂಡೆಯ ಮೇಲೆ ನಿಂತು ತೂತು ಹಾಕುವುದೇ ಅವರ ಬದುಕು. ತೂತು ಹಾಕಿದರೆ ಬಂಡೆ ಬಿಚ್ಚಿಕೊಳ್ಳುತ್ತದೆ. ಬಂಡೆ ಬಿಚ್ಚಿಕೊಂಡರೆ ಮಕ್ಕಳ ಹೊಟ್ಟೆಗೆ ರೊಟ್ಟಿ. ಇಂಥ ಮನುಷ್ಯ ಒಂದು ತೂತಿಗೆ ಸಿಟ್ಟಾಗುತ್ತಾರೆಯೇ?

ಐತಾರ ಶರಣಪ್ಪ ಬಂದ. ಮಗಳನ್ನು ಕರೆದೊಯ್ಯಲು ಬಂದಿದ್ದ. ನಾನು ಹೇಳಿಕಳಿಸಿದ್ದರಿಂದ ಖಾಜಾ ಭಾಯಿಯೂ ಡ್ರಿಲ್ ಮಷೀನ್ ಹಿಡಿದು ಬಂದು, ಕಳ್ಳನ ಹಾಗೆ ಅಂಗಳದ ಮೂಲೆಯಲ್ಲಿ ನಿಂತಿದ್ದರು. ನಾನು ನನ್ನ ಹೆಬ್ಬೆರಳನ್ನು ವಿಭೂತಿಯಲ್ಲಿ ಅದ್ದಿ, ನಡುವಿನ ಗೆರೆಯ ಮೇಲೆ ಒಂದು ಬೊಟ್ಟು ಇಟ್ಟೆ.

"ಇಲ್ಲಿ ಹೊಡಿರಿ ಭಾಯಿ."

"ಯವ್ವಾ!" ಎಂದ ಶರಣಪ್ಪ.

"ನಿಮ್ಮಪ್ಪ ಜನುಮೆಲ್ಲಾ ಏನ ಮಾಡಿದ್ರೋ?" ಎಂದೆ. "ಹೇಳು. ಏನ ಮಾಡಿದ್ರು?"

ಅವನು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ.

"ತೂತ ಹೊಡದ್ರು. ಯಾರ ಸಲುವಾಗಿ ಹೊಡದ್ರು? ಗೆರಿ ನೋಡಿ ಪೂಜಿ ಮಾಡ್ಕೋತ ಕುಂಡ್ರಲಿ ಅಂತ ಹೊಡದ್ರೇನು?"

ಖಾಜಾ ಭಾಯಿ ಮಷೀನ್ ಎತ್ತಿದರು. ಎತ್ತಿ, ಮತ್ತೆ ಇಳಿಸಿದರು. ಶರಣಪ್ಪ ಅದನ್ನು ನೋಡಿದ. ಆಮೇಲೆ ಚಪ್ಪಲಿ ಬಿಟ್ಟ. ಬಂದು ಕೈ ಚಾಚಿದ.

"ಕೊಡ್ರಿ ಇತ್ತ. ಹೊರಗಿನವರು ಯಾಕ?"

ಅವನೂ ಖಣಿಯಲ್ಲಿ ಬೆಳೆದವನು. ಅವನ ಅಪ್ಪ ನಿಲ್ಲುತ್ತಿದ್ದ ಹಾಗೆಯೇ ಒಂದು ಕಾಲು ಮುಂದೆ ಇಟ್ಟು ನಿಂತ. ಪುಣ್ಯಕ್ಕೆ ಕರೆಂಟ್ ಇತ್ತು. ಮಷೀನ್ ಕೂಗಿತು. ಮೊದಲು ಬಿಳಿ ಪುಡಿ ಬಂತು, ಆಮೇಲೆ ಜೀಪಿನ ಹಸಿರು ಪುಡಿ, ಕೊನೆಗೆ ಹೊಳೆಯುವ ಕಬ್ಬಿಣದ ಸುರುಳಿ. ಅಷ್ಟು ಮಳೆ ಕಂಡ ತಗಡು ಒಳಗೆ ಒಂದಿಷ್ಟೂ ತುಕ್ಕು ಹಿಡಿದಿರಲಿಲ್ಲ. ಶರಣಪ್ಪ ಬಾಗಿ ಆ ಪುಡಿಯನ್ನು ಬಾಯಿಂದ ಊದಿದ. ಊದಿ, ಅಂಗೈಯಿಂದ ಒರೆಸಿದ. ಮಕ್ಕಳಿಗೆ ಗಾಯವಾದಾಗ ಊದುತ್ತೇವಲ್ಲ, ಹಾಗೆ.

ರಬ್ಬರಿನ ವಾಷರ್, ನಟ್ಟು, ಬೋಲ್ಟು. ಆಂಟೆನಾ ನಿಂತಿತು. ಮೀಟರಿನ ಮುಳ್ಳು ಕೆಂಪು ಬಿಟ್ಟು ಕೆಳಗೆ ಇಳಿಯಿತು. ಖಾಜಾ ಭಾಯಿ ಆಕಾಶ ನೋಡಿ ಕಣ್ಣು ಮುಚ್ಚಿದರು.

ನೀಲಾ ಹೋದಳು.

ಸೆಟ್ಟಿನ ಮುಂದೆ ಈ ಸಲ ಶರಣಪ್ಪನೇ ಕುಳಿತ. ಡ್ಯಾಮ್ ತನಕ ಅವಳ ದನಿ ಸ್ವಚ್ಛವಾಗಿ ಬಂತು. ಆಮೇಲೆ ಅವಳು ತಾಂಡಾ ಮುಟ್ಟಬೇಕಾದ ಹೊತ್ತಿಗೆ ಇವನು ಕರೆಯತೊಡಗಿದ.

"ನೀಲಾ! ನೀಲಾ! ಮುಟ್ಟಿದಿ ಏನು? ಎಲ್ಲಿ ಅದೀ? ಕೇಳಿಸಾಕತ್ತದೇನು? ಹಳ್ಳ ದಾಟಿದೀ? ನೀಲಾ, ಮಾತಾಡು! ಯಾಕ ಮಾತಾಡವಲ್ಲಿ? ನೀಲಾ!"

ಉತ್ತರವಿಲ್ಲ. ಚುರ್ ಚುರ್ ಕೂಡ ಇಲ್ಲ. ಅವನ ದನಿ ಏರುತ್ತಾ ಹೋಯಿತು. ಬೆವರು ಇಳಿಯಿತು. "ನೋಡಿದ್ಯಾ ಯವ್ವಾ? ನೋಡಿದ್ಯಾ? ಅಪ್ಪನ ಹಣಿ ಒಡದು ಏನ ಬಂತು? ನೀಲಾ! ನೀಲಾ!" ಖಾಜಾ ಭಾಯಿ ಮಾಳಿಗೆಯ ತಂತಿ ನೋಡಲು ಹೊರಗೆ ಓಡಿದರು.

ಆಗ ನನ್ನ ಕಣ್ಣಿಗೆ ಬಿತ್ತು, ಸೆಟ್ಟಿನ ಮೇಲಿನ ಕೆಂಪು ದೀಪ. ಅದು ಉರಿಯುತ್ತಲೇ ಇತ್ತು. ನನ್ನ ಮಗನ ಹೆಬ್ಬೆರಳು ನೋಡಿದೆ. ಒತ್ತಿ ಒತ್ತಿ ಉಗುರಿನ ಸುತ್ತ ಬಿಳಿಚಿಕೊಂಡಿತ್ತು.

ಅವನ ಕೈ ಹಿಡಿದು, ಆ ಬೆರಳನ್ನು ಮೆಲ್ಲಗೆ ಎತ್ತಿದೆ.

"...ಅಪ್ಪಾ, ಜರಾ ನನಗೂ ಮಾತಾಡ್ಲಿಕ್ಕಿ ಬಿಡ್ರಲ್ಲ! ನಿಮ್ಮ ದನಿ ಮಸ್ತ್ ಬರಾಕತ್ತದ. ನಾ ಆವಾಗಿಂದ ಹೇಳಾಕತ್ತೀನಿ, ಮುಟ್ಟೀನಿ, ಮುಟ್ಟೀನಿ ಅಂತ. ಆರಾಮ ಅದೀನಿ. ಅವತ್ತಿನ ಎಮ್ಮಿ ಕರ ಇಲ್ಲೇ ನನ್ನ ಸೀರಿ ಸೆರಗು ಜಗ್ಗಾಕತ್ತದ..."

ಅಡುಗೆಮನೆ ತುಂಬ ಅವಳ ದನಿ. ಕಪಾಟಿನ ಡಬ್ಬಿಗಳಿಗೂ ಕೇಳಿಸಿರಬೇಕು. ಶರಣಪ್ಪ ಮೈಕನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈ ದೂರ ಇಟ್ಟುಕೊಂಡು, ಕೇಳುತ್ತಾ ಕುಳಿತ. ಕರು ಹೇಗಿದೆ, ಹಳ್ಳದಲ್ಲಿ ನೀರು ಎಷ್ಟಿದೆ, ತಾಂಡಾದ ಮುದುಕಿಯೊಬ್ಬಳು ಇವಳಿಗೆ ಬೆಲ್ಲದ ಚಹಾ ಕೊಟ್ಟದ್ದು, ಇನ್ನೆರಡು ಮನೆಯ ಆಡುಗಳಿಗೆ ಸೂಜಿ ಹಾಕಬೇಕಾಗಿರುವುದು, ಈ ಕೆಲಸ ತನಗೆ ಎಷ್ಟು ಇಷ್ಟ ಎನ್ನುವುದು. ಅಷ್ಟು ಉದ್ದ ಅವಳು ಅಪ್ಪನ ಜೊತೆ ಯಾವತ್ತಾದರೂ ಮಾತಾಡಿದ್ದಳೇ? ನನಗೆ ನೆನಪಿಲ್ಲ. ಅವನು ಅಷ್ಟು ಹೊತ್ತು ಅವಳ ಮಾತು ಕೇಳಿದ್ದೂ ನೆನಪಿಲ್ಲ.

ಅವಳು ಮುಗಿಸಿದ ಮೇಲೆ ಅವನು ಗುಂಡಿ ಒತ್ತಿದ. "ಆಡಿಗಿ ಸೂಜಿ ಹಾಕೇ ಬಾ" ಎಂದ. "ಸಾವಕಾಶ ಬಾ."

ಒಡನೆಯೇ ಬೆರಳು ತೆಗೆದ.

ನೀಲಾಳ ಪೆಟ್ಟಿಗೆಯ ಪುಸ್ತಕಗಳನ್ನು ನಾನೇ ತೆಗೆದು ಮತ್ತೆ ಕಪಾಟಿಗೆ ಜೋಡಿಸಿದೆ. ಹೋಳಿಗೆ ಮತ್ತೊಮ್ಮೆ ಮಾಡಿದೆ. ಖಾಜಾ ಭಾಯಿ ವಾಡಿಗೆ ಕಟ್ಟಿಸಿಕೊಂಡೂ ಹೋದರು. ಆ ಪಾಲಿಶ್ ಪರ್ಶಿ ಈಗ ನನ್ನ ಸೆಟ್ಟಿನ ಕೆಳಗಿದೆ. ಅದಕ್ಕೂ ಒಂದು ಕೆಲಸ ಬೇಕಲ್ಲ?

ಮನೆಯ ಹೆಣ್ಣುಮಕ್ಕಳು ಏನೂ ಹೇಳುವುದೇ ಇಲ್ಲ ಎಂದು ದೂರುವ ಮುಂಚೆ, ನಮ್ಮ ಹೆಬ್ಬೆರಳು ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಬಾರದೇ?